ಮೋಟರ್ ನಿಲ್ಲಬೇಕಾದ ಹೊತ್ತು

ನುಗ್ಗೇಹಳ್ಳಿ ಸುತ್ತಿನ ತೆಂಗಿನ ತೋಟಗಳಲ್ಲಿ ಕೊಳವೆಬಾವಿಯ ಪಂಪ್‌ಸೆಟ್ ಕೆಟ್ಟರೆ ಜನ ಮೊದಲು ಹುಡುಕುತ್ತಿದ್ದುದು ನಂಜುಂಡೇಶ್ ಅವರನ್ನು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಮಾಡಿದ್ದು ಅದೊಂದೇ ಕೆಲಸ. ಮೋಟರ್ ಮೇಲೆತ್ತುವುದು, ತಂತಿ ಸುತ್ತಿ ವೈಂಡಿಂಗ್ ಕಟ್ಟುವುದು, ಮತ್ತೆ ಇಳಿಸುವುದು. ಅವರ ಕೈ ಮುಟ್ಟಿದ ಮೋಟರ್ ನಿಲ್ಲುವುದಿಲ್ಲ ಎಂಬ ಮಾತಿತ್ತು. ಆ ಹೆಸರಿನಲ್ಲಿ ಅರ್ಧ ಅವರ ವೈಂಡಿಂಗಿಗೆ ಸಲ್ಲಬೇಕು. ಇನ್ನರ್ಧ ಸಲ್ಲಬೇಕಾದದ್ದು ತೆಂಗಿನ ಚಿಪ್ಪಿಗೆ.

ಅಲ್ಲಿ ತೋಟಕ್ಕೆ ತ್ರೀಫೇಸ್ ಕರೆಂಟ್ ಬರುವುದು ಕೆಲವು ಗಂಟೆ ಮಾತ್ರ. ಬಂದಾಗಲೂ ವೋಲ್ಟೇಜ್ ಆಗಾಗ ಕುಸಿಯುತ್ತದೆ. ಕುಸಿದಾಗ ಸ್ಟಾರ್ಟರ್ ಪೆಟ್ಟಿಗೆ ತಾನಾಗಿ ಮೋಟರನ್ನು ನಿಲ್ಲಿಸುತ್ತದೆ. ಮೋಟರ್ ಸುಟ್ಟುಹೋಗದಿರಲೆಂದೇ ಅದನ್ನು ಹಾಗೆ ಮಾಡಿರುತ್ತಾರೆ. ಆದರೆ ಮರದ ಬುಡಕ್ಕೆ ನೀರು ಹಾಯುತ್ತಿರುವ ಹೊತ್ತಿನಲ್ಲಿ ಪೆಟ್ಟಿಗೆಯ ಈ ಜಾಗ್ರತೆ ಯಾರಿಗೂ ಬೇಕಿಲ್ಲ. ಹಾಗಾಗಿ ಒತ್ತಿದ ಸ್ಟಾರ್ಟ್ ಗುಂಡಿ ಕದಲದಂತೆ ಏನನ್ನಾದರೂ ಸಿಕ್ಕಿಸಿಬಿಡುತ್ತಾರೆ. ಕೆಲವರು ಬೆಂಕಿಕಡ್ಡಿ ಸಿಕ್ಕಿಸುತ್ತಾರೆ, ಕೆಲವರು ಗರಿಯ ಕಡ್ಡಿ. ನಂಜುಂಡೇಶ್ ಚಿಪ್ಪಿನ ಚೂರೊಂದನ್ನು ಅರದಲ್ಲಿ ಉಜ್ಜಿ, ಅಳತೆಗೆ ಸರಿಯಾಗಿ ಚಕ್ಕೆ ಮಾಡಿ ಕೊಡುತ್ತಿದ್ದರು. ಕಡ್ಡಿಯ ಹಾಗೆ ಅದು ಮುರಿಯುವುದಿಲ್ಲ.

ಅವರ ಅಕ್ಕ ಲಕ್ಕಮ್ಮನವರ ತೋಟದ ಸ್ಟಾರ್ಟರಿಗೂ ಒಂದು ಚಕ್ಕೆ ಬಿದ್ದಿತ್ತು. ಒಂದು ಬೇಸಿಗೆಯಲ್ಲಿ ವೋಲ್ಟೇಜ್ ಕುಸಿದೇ ಇದ್ದಾಗ ಆ ಮೋಟರ್ ಹೊಗೆಯಾಡಿ ಸುಟ್ಟಿತು.

“ನಿಂತ್ಕಂಡು ಬದುಕ್ಕಳೋ ಮೋಟ್ರ ಓಡ್ಸಿ ಓಡ್ಸಿ ಸಾಯ್ಸುಬುಟ್ಟಲ್ಲೋ,” ಎಂದು ಅಕ್ಕ ಊರಿಗೆಲ್ಲ ಕೇಳುವಂತೆ ಬೈದರು. ಹೊಸ ಮೋಟರಿಗೂ ನಂಜುಂಡೇಶ್ ಚಕ್ಕೆ ಹಾಕಿದರು. ಆದರೆ ವೋಲ್ಟೇಜ್ ಕುಸಿದು ಬಲ್ಬು ಮಂಕಾದ ಕೂಡಲೇ ಲಕ್ಕಮ್ಮ ಪಂಪ್‌ಹೌಸಿಗೆ ನಡೆದು, ಸೆರಗಿನ ತುದಿಗೆ ಗಂಟು ಹಾಕಿಕೊಂಡ ಬೀಗದ ಕೈಯಿಂದ ಚಕ್ಕೆಯನ್ನು ಮೀಟಿ ತೆಗೆಯುವುದನ್ನು ಅಭ್ಯಾಸ ಮಾಡಿಕೊಂಡರು. ಆ ಕಡೆಯ ಹೆಂಗಸರಿಗೆ ಇದು ಒಲೆಯ ಉರಿ ಇಳಿಸಿದಷ್ಟೇ ಸಲೀಸು.

ನಂಜುಂಡೇಶ್ ದೋಣಿಗೆ ಬಂದದ್ದು ಧನಂಜಯ್ ಅವರಿಂದ. ಧನಂಜಯ್ ಶ್ರವಣಬೆಳಗೊಳದ ಜೈನ ಮನೆತನದವರು. ಚನ್ನರಾಯಪಟ್ಟಣದಲ್ಲಿ ಅವರದು ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. ನಂಜುಂಡೇಶ್ ವೈಂಡಿಂಗ್ ತಂತಿ ಕೊಳ್ಳುತ್ತಿದ್ದುದು ಅಲ್ಲೇ. ಮಳೆಗಾಲದಲ್ಲಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ನೋಡಲು ಜನ ಬರುವುದು ಹೆಚ್ಚಾದ ಮೇಲೆ ಧನಂಜಯ್ ಅಲ್ಲಿನ ದಡದಲ್ಲಿ ಮೋಟರ್ ದೋಣಿಯೊಂದನ್ನು ಇಟ್ಟರು. ಓಡಿಸಲು ಗೊತ್ತಿದ್ದ ಮೂವರು ಬಂದು ಹೋದರು. ಕೊನೆಗೆ ನಂಜುಂಡೇಶ್‌ಗೆ ಫೋನ್ ಮಾಡಿದರು.

“ನಂಗೆ ದೋಣಿ ಬರಾಕಿಲ್ಲ ಸಾ.”

“ಮೋಟರ್ ಬರುತ್ತಲ್ಲ ನಂಜುಂಡಣ್ಣ? ದೋಣಿ ಕಲಿತ್ಕೊಂಡ್ರಾಯ್ತು.”

ಕಲಿತರು. ಹೆಂಡತಿ ಯಮುನಾ ಕೂಡ ಬಂದು ದಡದಲ್ಲಿ ಟೀ ಮತ್ತು ಬೋಂಡದ ಅಂಗಡಿ ಹಾಕಿದರು.

ದೋಣಿ ತಂದುಕೊಟ್ಟ ಕಂಪನಿಯವನು ಮೊದಲ ದಿನವೇ ಕೆಂಪು ಸುರುಳಿ ದಾರವೊಂದನ್ನು ತೋರಿಸಿದ್ದ. ಅದರ ಒಂದು ತುದಿಯನ್ನು ಓಡಿಸುವವನು ಕಾಲಿಗೆ ಕಟ್ಟಿಕೊಳ್ಳಬೇಕು. ಇನ್ನೊಂದು ತುದಿಯ ಪ್ಲಾಸ್ಟಿಕ್ ಕ್ಲಿಪ್ಪನ್ನು ಎಂಜಿನ್ ನಿಲ್ಲಿಸುವ ಕೆಂಪು ಗುಂಡಿಯ ಕೆಳಗೆ ಸಿಕ್ಕಿಸಬೇಕು. ಕ್ಲಿಪ್ ಇಲ್ಲದೆ ಎಂಜಿನ್ ಚಾಲೂ ಆಗುವುದಿಲ್ಲ. ಓಡಿಸುವವನು ನೀರಿಗೆ ಬಿದ್ದರೆ ದಾರ ಜಗ್ಗಿ ಕ್ಲಿಪ್ ಕಳಚುತ್ತದೆ, ಎಂಜಿನ್ ನಿಲ್ಲುತ್ತದೆ. ದಾರ ಕಟ್ಟದೆ ದೋಣಿ ಬಿಡಬೇಡಿ ಎಂದು ಅವನು ಎರಡೆರಡು ಸಲ ಹೇಳಿ ಹೋದ.

ಆದರೆ ಹಿನ್ನೀರಿನಲ್ಲಿ ಅಣೆಕಟ್ಟಿಗೂ ಮೊದಲಿನ ಮರಗಳ ಮೋಟುಗಳಿವೆ. ನೀರಿಳಿದಂತೆ ಅವು ಮೇಲ್ಮೈಗೆ ಹತ್ತಿರವಾಗುತ್ತವೆ. ಅಂಥ ಕಡೆ ನಂಜುಂಡೇಶ್ ಎಂಜಿನ್ನಿನ ವೇಗ ಇಳಿಸಿ, ಎದ್ದು ಮುಂದೆ ಹೋಗಿ, ಬಿದಿರ ಗಳದಿಂದ ಮೋಟನ್ನು ಒತ್ತಿ ದೋಣಿಯನ್ನು ದೂರ ಸರಿಸಬೇಕು. ಎದ್ದಾಗಲೆಲ್ಲ ದಾರ ಜಗ್ಗುತ್ತಿತ್ತು. ಎಂಜಿನ್ ನಿಲ್ಲುತ್ತಿತ್ತು. ಹಿಂದಿನಿಂದ ಪ್ರವಾಸಿಗರು, “ಏನಣ್ಣ, ಪೆಟ್ರೋಲ್ ಖಾಲೀನಾ? ಇಳಿದು ತಳ್ಬೇಕಾ?” ಎಂದು ನಗುತ್ತಿದ್ದರು. ಮೋಟರ್ ನಿಲ್ಲಿಸದವರೆಂದು ಹೆಸರಾದವರಿಗೆ ಇದು ಸಣ್ಣ ಅವಮಾನವಲ್ಲ. ವಾರ ಕಳೆಯುವುದರೊಳಗೆ ಕ್ಲಿಪ್ಪಿನ ಜಾಗಕ್ಕೆ ಚಿಪ್ಪಿನ ಚಕ್ಕೆ ಬಂತು. ಕವಲೊಡೆದ ಕಡ್ಡಿಯಂತೆ ಕೊರೆದು, ಗುಂಡಿಯ ಕೆಳಗೆ ಬಿಗಿಯಾಗಿ ಕೂರುವಂತೆ ಮಾಡಿದ್ದರು. ಧನಂಜಯ್ ಅದನ್ನು ಕಂಡರು. ಬೆರಳಲ್ಲಿ ಮುಟ್ಟಿ ನೋಡಿ, “ಕಂಪನಿ ಮಾಲಿನ ಹಾಗೇ ಇದೆಯಲ್ರಿ,” ಎಂದರು. ಕೆಂಪು ದಾರ ಪ್ಲಾಸ್ಟಿಕ್ ಚೀಲದಲ್ಲೇ ಉಳಿದು ಹಿಂಬದಿಯ ಸೀಟಿನ ಕೆಳಗಿನ ಡಬ್ಬಿ ಸೇರಿತು. ಒಂದು ಪೂರ್ತಿ ವರ್ಷ ಯಾವ ತೊಂದರೆಯೂ ಆಗಲಿಲ್ಲ.

ಕಳೆದ ದೀಪಾವಳಿ ಮುಗಿದ ವಾರ ಲಕ್ಕಮ್ಮ ತಮ್ಮನ ದೋಣಿ ನೋಡಲು ಮೊದಲ ಬಾರಿಗೆ ಬಂದರು. ಪ್ರವಾಸಿಗರು ಕಡಿಮೆಯಿದ್ದ ಇಳಿಹೊತ್ತು. ಯಮುನಾ ಸ್ಟವ್ ಆರಿಸಿ, ಅತ್ತಿಗೆಯ ಜೊತೆ ತಾವೂ ದೋಣಿ ಹತ್ತಿದರು. ಮೂವರೂ ಲೈಫ್ ಜಾಕೆಟ್ ಹಾಕಿಕೊಂಡರು. ಲಕ್ಕಮ್ಮನವರಿಗೆ ಅದು ಸೀರೆಯ ಮೇಲೆ ಸರಿಯಾಗಿ ಕೂರಲಿಲ್ಲ. “ಜಾತ್ರೆ ಎತ್ತಿನ ಬೆನ್ ಮ್ಯಾಲೆ ಗೌಸು ಆಕ್ದಂಗೆ ಆಯ್ತು,” ಎಂದು ಗೊಣಗಿದರು.

ಹೋಗುವಾಗ ನಂಜುಂಡೇಶ್ ನಿಧಾನವಾಗಿ ಓಡಿಸಿದರು. ನೀರಿನಿಂದ ಅರ್ಧ ಎದ್ದಿದ್ದ ಚರ್ಚಿನ ಕಮಾನುಗಳನ್ನು ತೋರಿಸಿದರು. ಮರಳುವಾಗ ಅಕ್ಕ ಕೆಣಕಿದರು.

“ಇಷ್ಟೇನಾ ನಿನ್ ಮೋಟ್ರು? ಇದ್ಕಿಂತ ನಮ್ಮೂರ ಕೆಂಚಯ್ಯನ ಎತ್ತಿನ ಗಾಡಿ ವಾಸಿ ಕಣ್ಲಾ.”

“ಜೋರಾಗಿ ಬುಟ್ರೆ ಎದ್ರುಕೊಂಡೀಯೆ ಅಂತ ಸುಮ್ಕಿವ್ನಿ ಕಣಕ್ಕ.”

“ನಾನಾ? ಬುಡು ನೋಡಾನ!”

ನಂಜುಂಡೇಶ್ ವೇಗ ಹೆಚ್ಚಿಸಿದರು. ದೋಣಿಯ ಮೂತಿ ಮೇಲೆದ್ದಿತು. ಲಕ್ಕಮ್ಮ ಸೆರಗು ಹಿಡಿದುಕೊಂಡು ನಕ್ಕರು. ಅಕ್ಕನಿಗೆ ದಡದ ಗುಡ್ಡವೊಂದನ್ನು ತೋರಿಸಲು ನಂಜುಂಡೇಶ್ ಒಂದು ಕೈ ಎತ್ತಿ ಅರ್ಧ ಎದ್ದು ನಿಂತರು. ಅದೇ ಕ್ಷಣ ದೋಣಿಯ ತಳ ನೀರೊಳಗಿನ ಮೋಟಿಗೆ ತಾಗಿತು. ದೋಣಿ ಪಕ್ಕಕ್ಕೆ ಹೊರಳಿ ಜಿಗಿಯಿತು. ನಂಜುಂಡೇಶ್ ಹಿಮ್ಮುಖವಾಗಿ ನೀರಿಗೆ ಬಿದ್ದರು.

ಇಂಥ ದೋಣಿಯಲ್ಲಿ ಎಂಜಿನ್ನಿಗೆ ಜೋಡಿಸಿದ ಹಿಡಿಯೇ ಚುಕ್ಕಾಣಿ, ಅದನ್ನು ತಿರುಚಿದರೆ ವೇಗ ಹೆಚ್ಚುತ್ತದೆ. ಕೈ ಬಿಟ್ಟರೆ ಅದು ಒಂದು ಬದಿಗೆ ತಿರುಗಿಕೊಳ್ಳುತ್ತದೆ. ದೋಣಿ ನೇರ ಹೋಗದೆ ಬಿದ್ದವನ ಸುತ್ತಲೇ ಸುತ್ತತೊಡಗುತ್ತದೆ. ಪ್ರತಿ ಸುತ್ತಿಗೂ ಅದು ಎಲ್ಲಿ ಹಾಯುತ್ತದೆಂದು ಹೇಳಲಾಗದು. ತಳದಲ್ಲಿ ತಿರುಗುವ ಫ್ಯಾನಿಗೆ ಮನುಷ್ಯನೂ ಒಂದೇ, ನೀರೂ ಒಂದೇ.

ತಲೆ ಮೇಲೆತ್ತಿದಾಗ ನಂಜುಂಡೇಶ್ ಕಂಡದ್ದು ತಮ್ಮ ಕಡೆಗೇ ಬರುತ್ತಿದ್ದ ದೋಣಿಯ ಮೂತಿಯನ್ನು. ಮುಳುಗಿ ತಪ್ಪಿಸಿಕೊಳ್ಳೋಣವೆಂದರೆ ಲೈಫ್ ಜಾಕೆಟ್ ಬಿಡುವುದಿಲ್ಲ. ಕೈಕಾಲು ಬಡಿದು ಪಕ್ಕಕ್ಕೆ ಸರಿದರು. ದೋಣಿ ಹಾದುಹೋಯಿತು, ಅದರ ಅಲೆ ಬಾಯಿಗೆ ಬಡಿಯಿತು.

“ಗುಂಡಿ ಒತ್ತು! ಯಮುನಾ, ಕೆಂಪು ಗುಂಡಿ ಒತ್ತು!”

ಯಮುನಾ ತೆವಳಿಕೊಂಡು ಹಿಂಬದಿಗೆ ಹೋಗಿ ಗುಂಡಿ ಒತ್ತಿದರು. ಅದು ಕದಲಲಿಲ್ಲ. ಹೆಬ್ಬೆರಳಿಟ್ಟು, ಅಂಗೈಯಿಟ್ಟು ಒತ್ತಿದರು. “ಓಗ್ತಾನೇ ಇಲ್ಲ ಕಣ್ರೀ!” ಎಂದು ಕಿರುಚಿದರು. ಹಿಡಿಯನ್ನು ನೆಟ್ಟಗೆ ಮಾಡಲು ಎಳೆದಾಗ ಅದು ತಿರುಚಿಕೊಂಡು ವೇಗ ಇನ್ನಷ್ಟು ಹೆಚ್ಚಿತು. ದೋಣಿ ಮತ್ತೆ ತಿರುಗಿತು. ಗಾಳಿ ಅದನ್ನು ನಂಜುಂಡೇಶ್ ಇದ್ದ ಕಡೆಗೇ ತಳ್ಳುತ್ತಿತ್ತು. ಈ ಸಲ ದೋಣಿಯ ಬದಿ ಅವರ ಭುಜಕ್ಕೆ ಉಜ್ಜಿಕೊಂಡು ಹೋಯಿತು.

ದಡದಲ್ಲಿ ಧನಂಜಯ್ ಊಟದ ಕ್ಯಾರಿಯರ್ ಬಿಚ್ಚುತ್ತಿದ್ದರು. ಜೈನ ಮನೆಯ ರೂಢಿಯಂತೆ ಇಲ್ಲಿಯೂ ಅವರ ಊಟ ಹೊತ್ತು ಮುಳುಗುವ ಮೊದಲೇ, ಮುಳುಗಿದ ಮೇಲೆ ಉಣ್ಣುವುದಿಲ್ಲ. ಓಡಿಸುವವನಿಲ್ಲದೆ ಸುತ್ತುತ್ತಿದ್ದ ದೋಣಿ ಕಂಡು ಎದ್ದರು. ಇನ್ನೊಂದು ದೋಣಿ ಇರಲಿಲ್ಲ. ನೀರಿಗಿಳಿದು ಕೂಗಿದರು. ಕೂಗು ಎಂಜಿನ್ನಿನ ಸದ್ದನ್ನು ದಾಟಲಿಲ್ಲ.

ಲಕ್ಕಮ್ಮ ಅಷ್ಟು ಹೊತ್ತೂ ದೋಣಿಯ ಅಂಚನ್ನು ತಬ್ಬಿ ಕೂತಿದ್ದರು. ಗುಂಡಿ ಒತ್ತಿದರೂ ನಿಲ್ಲುತ್ತಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ತಲೆಯೆತ್ತಿದರು. ನಿಲ್ಲದ ಮೋಟರ್, ಓಡಿಸುವವನು ತಮ್ಮ. ಇನ್ನೇನೂ ಕೇಳಬೇಕಿರಲಿಲ್ಲ.

“ಸರ್ಕೊ ಯಮುನಾ. ಒತ್ತಬ್ಯಾಡ, ಅದ್ರ ಕೆಳಗೇನ್ ಮಡಗವ್ನೆ ನೋಡು.”

ಗುಂಡಿಯ ಕೆಳಗೆ ಕಪ್ಪಗೆ ಮಿರುಗುವ ಚಿಪ್ಪು ಕಾಣಿಸಿತು. ಗುಂಡಿ ಇಳಿಯದಂತೆ ತಡೆದಿದ್ದುದೂ ಅದೇ.

“ಇಲ್ಲೂ ಮಡಗವ್ನೆ, ಮುಂಡೇದು!”

ಉಗುರು ಹಾಕಿದರು, ಬರಲಿಲ್ಲ. ಸೆರಗಿನ ಗಂಟಿನಲ್ಲಿದ್ದ ಬೀಗದ ಕೈಯನ್ನು ಚಕ್ಕೆಯ ಸಂದಿಗೆ ತೂರಿಸಿ ಮೀಟಿದರು. ಬೀಗದ ಕೈ ಒಮ್ಮೆ ಜಾರಿತು. ಎರಡನೆಯ ಸಲ ಮೀಟಿದಾಗ ಚಕ್ಕೆ ಹಾರಿ ಅಂಗೈಗೆ ಬಂತು. ಎಂಜಿನ್ ನಿಂತಿತು.

ಸದ್ದು ಹೋದ ಮೇಲೂ ದೋಣಿ ಸ್ವಲ್ಪ ದೂರ ಜಾರಿತು. ಆಮೇಲೆ ಅದೂ ನಿಂತಿತು. ಫ್ಯಾನ್ ನಂಜುಂಡೇಶ್ ಅವರಿಂದ ಎರಡು ತೋಳಿನಷ್ಟು ದೂರದಲ್ಲಿತ್ತು.

“ಬದುಕಿದ್ದೀಯೇನ್ಲಾ?” ಲಕ್ಕಮ್ಮ ಬಗ್ಗಿ ಕೇಳಿದರು.

“ಇವ್ನಿ ಕಣಕ್ಕ.”

“ಕೈಕಾಲು?”

“ಎಲ್ಲಾ ಅವೆ.”

“ಅಂಗಾರೆ ಮ್ಯಾಕೆ ಬಾ. ನಿನ್ತಾವ ನಾಕು ಮಾತಾಡೋದದೆ.”

ಯಮುನಾ ಗಂಡನ ಜಾಕೆಟ್ಟಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದವರು, ಅವರನ್ನು ದೋಣಿಯೊಳಕ್ಕೆ ಎಳೆದು ಹಾಕಿದ ಮೇಲೂ ಬಿಡಲಿಲ್ಲ. ನಂಜುಂಡೇಶ್ ಭುಜ ಕೆಂಪಾಗಿತ್ತು, ಚರ್ಮ ತರಚಿತ್ತು. ಅದರಾಚೆ ಏನೂ ಆಗಿರಲಿಲ್ಲ. ಉಸಿರು ಹದಕ್ಕೆ ಬಂದಾಗ ಅವರು ರೂಢಿಯಂತೆ ಎಂಜಿನ್ ಕಡೆ ತಿರುಗಿದರು.

“ಚಕ್ಕೆ ಎಲ್ಲಕ್ಕ?”

“ನೀರಿಗೆಸ್ದೆ.”

“ಅದಿಲ್ದೆ ಮೋಟ್ರು ಸ್ಟಾರ್ಟ್ ಆಗಾಕಿಲ್ಲ!”

“ಆಗ್ದಿದ್ರೆ ಬುಡು. ನೀನು ಈಜ್ಕಂಡು ಎಳ್ಕಂಡೋಗು, ನಾವು ಕೂತ್ಕತೀವಿ.”

ಯಮುನಾ ಮೊದಲು ನಕ್ಕರು. ನಗುವಿನ ನಡುವೆಯೇ ಅತ್ತರು. ಡಬ್ಬಿಯಿಂದ ಕೆಂಪು ದಾರ ತೆಗೆದುಕೊಟ್ಟವರೂ ಅವರೇ. ಪ್ಲಾಸ್ಟಿಕ್ ಚೀಲವನ್ನು ಹಲ್ಲಿನಿಂದ ಹರಿದರು. ನಂಜುಂಡೇಶ್ ಅದನ್ನು ಮೊಣಕಾಲಿನ ಕೆಳಗೆ ಸುತ್ತಿಕೊಂಡು ಕ್ಲಿಪ್ ಸಿಕ್ಕಿಸಿದರು. ಲಕ್ಕಮ್ಮ ದಾರವನ್ನು ಜಗ್ಗಿ ನೋಡಿದರು. ಕ್ಲಿಪ್ ಕಳಚಿ ಬಂತು. “ಊಂ, ಇದು ಸರಿಯಾಗಿ ಅದೆ,” ಎಂದು ಮತ್ತೆ ಸಿಕ್ಕಿಸಲು ಬಿಟ್ಟರು.

ದಡ ತಲುಪಿದಾಗ ಧನಂಜಯ್ ಎದೆಮಟ್ಟ ನೀರಿನಲ್ಲಿದ್ದರು. ದೋಣಿಯ ಅಂಚು ಹಿಡಿದು ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು.

“ನಾನು ಆವತ್ತೇ ಬೇಡ ಅನ್ನಬೇಕಿತ್ತು ನಂಜುಂಡಣ್ಣ. ಹೊಗಳಿಬಿಟ್ಟೆ.”

“ಮಾಡ್ದೋನು ನಾನಲ್ವಾ ಸಾ.”

“ಇಬ್ರೂ ಸೇರಿ ಮಾಡೀರಿ, ಈಗ ನೀರಿಂದ ಈಚೆ ಬನ್ನಿ ಇಬ್ರೂ,” ಎಂದರು ಲಕ್ಕಮ್ಮ.

ಯಮುನಾ ಸ್ಟವ್ ಹಚ್ಚಿ ಟೀ ಇಟ್ಟರು. ಧನಂಜಯ್ ಕ್ಯಾರಿಯರಿನ ಚಪಾತಿಯನ್ನು ನಂಜುಂಡೇಶ್ ಮುಂದೆ ಸರಿಸಿದರು. “ನೀವು ಉಣ್ಣಿ ಸಾ, ಒತ್ತು ಓಯ್ತದೆ,” ಎಂದರು ನಂಜುಂಡೇಶ್. ಹೊತ್ತು ಆಗಲೇ ಗುಡ್ಡದ ಹಿಂದೆ ಸರಿದಿತ್ತು. ಧನಂಜಯ್ ಪಡುವಣಕ್ಕೊಮ್ಮೆ ನೋಡಿ, ತಾನು ಬೆಳಿಗ್ಗೆ ತಿಂದರಾಯಿತು ಎಂದು ಡಬ್ಬಿಯನ್ನು ನಂಜುಂಡೇಶ್ ಮುಂದೆಯೇ ಬಿಟ್ಟರು.

ಮರುದಿನ ಬಸ್ಸಿಗೆ ಹೊರಡಬೇಕಿದ್ದ ಲಕ್ಕಮ್ಮ ಬೆಳಿಗ್ಗೆ ಎದ್ದವರೇ ಇನ್ನೊಂದು ಸುತ್ತು ಹೋಗಬೇಕೆಂದರು. ಯಮುನಾ ಒಪ್ಪಲಿಲ್ಲ. “ಸಾಕು ಅತ್ತಿಗೆ, ನಿನ್ನೆ ನೋಡಿದ್ದೇ ಸಾಕು.”

“ನಿನ್ನೆ ನಾನೇನ್ ನೋಡ್ದೆ? ಆ ಗುಂಡಿ ನೋಡ್ದೆ.”

ನಂಜುಂಡೇಶ್ ದಾರ ಕಟ್ಟಿಕೊಂಡರು. ಭುಜದ ನೋವಿತ್ತು, ನಿಧಾನವಾಗಿ ಓಡಿಸಿದರು. ಚರ್ಚಿನ ಹತ್ತಿರ ಮೋಟೊಂದು ಕಂಡಾಗ ಬಿದಿರ ಗಳಕ್ಕೆ ಕೈ ಚಾಚಿ ಎದ್ದರು. ದಾರ ಜಗ್ಗಿತು, ಕ್ಲಿಪ್ ಕಳಚಿತು, ಎಂಜಿನ್ ನಿಂತಿತು. ಗಳದಿಂದ ಮೋಟನ್ನು ಒತ್ತಿ ದೋಣಿಯನ್ನು ದೂರ ಸರಿಸಿದರು. ಬಂದು ಕೂತು ಕ್ಲಿಪ್ಪನ್ನು ಮತ್ತೆ ಸಿಕ್ಕಿಸಿ, ಎಂಜಿನ್ನಿನ ಹಗ್ಗ ಎಳೆಯಲು ಕೈ ಹಾಕಿದರು.

“ತಡಿ,” ಎಂದರು ಲಕ್ಕಮ್ಮ. ಕಮಾನಿನ ಮೇಲೆ ಕೂತಿದ್ದ ಕೊಕ್ಕರೆಗಳು ಹಾರಿರಲಿಲ್ಲ. ನೀರು ಗೋಡೆಗೆ ತಟ್ಟುವ ಸದ್ದು ಕೇಳುತ್ತಿತ್ತು. “ಒಸಿ ಒತ್ತು ಅಂಗೇ ಇರ್ಲಿ ಬುಡು. ನೋಡಾನ.”

ನಂಜುಂಡೇಶ್ ಹಗ್ಗ ಬಿಟ್ಟು ಅಕ್ಕನ ಎದುರು ಕೂತರು.