ಸದ್ದಿಲ್ಲದೆ ನಗುವವರು

ನಮ್ಮ ರೆಬೋಲೊ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಪಾದ್ರಿಗಿಂತ ಮೊದಲು ಎದಿಲ್ಸಕ್ಕನಿಗೆ ಹೇಳಿಕಳಿಸುತ್ತಿದ್ದೆವು. ಬಸ್ಸು ನಿಲ್ಲುವಲ್ಲಿ ಮೊಟ್ಟೆ ತುಂಬಿದ ಅರೆಪಾ ರೊಟ್ಟಿ ಕರಿದು ಮಾರುವವಳು ಅವಳು. ಸುದ್ದಿ ಬಂದೊಡನೆ ಬಾಣಲೆ ಇಳಿಸಿ, ಮುಖ ತೊಳೆದು, ಸಾವಿನ ಮನೆಯ ಹಿತ್ತಿಲಿಗೆ ಬಂದು ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಕರಿಕಾಫಿ ಹಿಡಿದ ಜನ ಅವಳ ಸುತ್ತ ಸೇರುತ್ತಿದ್ದರು. ಒಳಗೆ ಜಪಮಾಲೆ, ಹೊರಗೆ ಅವಳ ನಗೆಮಾತು. ದುಃಖದ ಮನೆಯನ್ನು ಬೆಳಗಿನ ತನಕ ಎಚ್ಚರವಾಗಿಡಲು ನಮಗೆ ಬೇರೆ ದಾರಿ ಗೊತ್ತಿರಲಿಲ್ಲ.

ಕಟ್ಟಳೆ ಒಂದೇ. ನಗು ಒಳಗೆ ಕೇಳಿಸಬಾರದು. ಕೇಳಿಸಿತೋ, ನಕ್ಕವನು ಎದ್ದು ಹೋಗಿ ಪೆಟ್ಟಿಗೆಯ ಮುಂದೆ ಮಂಡಿಯೂರಿ ಪ್ರಾರ್ಥನೆ ಹೇಳಬೇಕು. ಹೀಗಾಗಿ ನಾವೆಲ್ಲ ತುಟಿ ಬಿಗಿದು, ತಲೆ ತಗ್ಗಿಸಿ, ಹೊಟ್ಟೆಯೊಳಗೇ ನಗಲು ಕಲಿತೆವು. ಎದಿಲ್ಸಕ್ಕ ನಮ್ಮ ಕುಲುಕುವ ಭುಜಗಳನ್ನು ನೋಡಿಯೇ ಯಾವ ಮಾತು ನಾಟಿತು, ಯಾವುದು ಜಾರಿತು ಎಂದು ತಿಳಿಯುತ್ತಿದ್ದಳು.

ಆಮೇಲೆ ಜನ ಸತ್ತವರನ್ನು ಮನೆಯಲ್ಲಿಡುವುದನ್ನು ಬಿಟ್ಟರು. ಪೇಟೆಯಲ್ಲಿ ಅದಕ್ಕೆಂದೇ ತಣ್ಣಗಿನ ಭವನಗಳು ಬಂದವು. ಅಲ್ಲಿ ಹಿತ್ತಿಲಿಲ್ಲ, ಹೊತ್ತು ಮುಳುಗಿದ ಮೇಲೆ ಬಾಗಿಲು ಹಾಕುತ್ತಾರೆ. ಪೆತ್ರೋನಾ ಅಜ್ಜಿ ತೀರಿಕೊಂಡಾಗ ಎದಿಲ್ಸಕ್ಕ ಅಂಥ ಭವನದ ಹೊರಗೆ, ಕಾಲುದಾರಿಯ ಮೇಲೆ ಸ್ವಲ್ಪ ಹೊತ್ತು ನಿಂತಿದ್ದಳು. ಸುತ್ತ ಯಾರೂ ಸೇರಲಿಲ್ಲ.

"ಬಾಯಿ ನನ್ಹತ್ರಾನೇ ಇದೆ," ಅಂದಳು ನನಗೆ. "ಜಾಗ ಒಂದು ಹುಡುಕ್ಬೇಕು."

ಜಾಗ ಸಿಕ್ಕಿದ್ದು ಪ್ರಾದೊ ಬಡಾವಣೆಯ ಒಂದು ಬಾರಿನಲ್ಲಿ. ಗುರುವಾರ ಸಂಜೆ ಅಲ್ಲಿ ಓಪನ್ ಮೈಕ್. ಯಾರು ಬೇಕಾದರೂ ಹತ್ತಿ ನಗಿಸಬಹುದು. ಕೂತವರನ್ನು ಎಲ್ಲರಿಗಿಂತ ಜೋರಾಗಿ ನಗಿಸಿದವರಿಗೆ ಪ್ರತಿ ಗುರುವಾರವೂ ವೇದಿಕೆ. ಅದು ಸಿಕ್ಕರೆ ಅವಳ ಮಾತಿಗೆ ಮತ್ತೊಂದು ಹಿತ್ತಿಲು ಸಿಕ್ಕ ಹಾಗೆ. ಸಿಗದಿದ್ದರೆ ಅಷ್ಟೆಲ್ಲ ಮಾತು ಅವಳೊಳಗೇ ಆರಿಹೋಗುವುದು ಎಂದು ನಮಗೆಲ್ಲ ಗೊತ್ತಿತ್ತು. ಓಣಿಯವರೆಲ್ಲ ಇಸ್ತ್ರಿ ಬಟ್ಟೆ ತೊಟ್ಟು ಅವಳೊಂದಿಗೆ ಹೊರಟೆವು.

"ಹೆದ್ರಿಕೆ ಆಗಲ್ವಾ ಅಕ್ಕ?" ಎಂದು ಬಸ್ಸಿನಲ್ಲಿ ಕೇಳಿದೆ.

"ಹೆಣ ಪಕ್ಕದಲ್ಲಿಟ್ಕೊಂಡು ನಗಿಸಿದೋಳು ನಾನು. ಇವರು ಉಸಿರಾಡ್ತಾ ಇರ್ತಾರಲ್ಲ, ಸಾಕು."

ಅವಳಿಗಿಂತ ಮೊದಲು ಹತ್ತಿದ ಹುಡುಗರು ವೇದಿಕೆಯ ಉದ್ದಗಲಕ್ಕೂ ಓಡಾಡಿ ಮಾತಾಡಿದರು. ಎದಿಲ್ಸಕ್ಕ ಕುರ್ಚಿ ತರಿಸಿಕೊಂಡಳು. ಮೈಕನ್ನು ಸೌಟು ಹಿಡಿದಂತೆ ಹಿಡಿದು, ತಗ್ಗಿದ ದನಿಯಲ್ಲಿ ತನ್ನ ಭಾವನ ಕಥೆ ಎತ್ತಿಕೊಂಡಳು.

"ನಮ್ಮ ಭಾವ ಅರ್ಸೆನಿಯೊ ಜೀವನದಲ್ಲಿ ಹೊತ್ತಿಗೆ ಸರಿಯಾಗಿ ಎದ್ದೋನಲ್ಲ. ಸತ್ತ ದಿನ ಹೆಣದ ಗಾಡಿ ಸೇತುವೆ ಮೇಲೆ ಕೆಟ್ಟು ನಿಂತ್ಕೊಳ್ತು. ಡ್ರೈವರ್ ಬಂದು, ಎಲ್ರೂ ಒಂದು ಕೈ ಹಾಕಿ ಅಂದ. ನಮ್ಮಕ್ಕ ಕೊಡೆ ಬಿಚ್ಚಿ ನೆರಳಲ್ಲಿ ನಿಂತ್ಲು. ನಲವತ್ತು ವರ್ಷ ದಿನಾ ಬೆಳಿಗ್ಗೆ ಇವನ್ನ ಹಾಸಿಗೆಯಿಂದ ನಾನೇ ತಳ್ಳಿದೀನಿ, ಇವತ್ತೊಂದಿನ ನೀವು ತಳ್ರಪ್ಪಾ, ಅಂದ್ಲು."

ನನ್ನ ಪಕ್ಕೆ ಹಿಡಿದುಕೊಂಡಿತು. ಮುಂದಿನ ಮೇಜಿನಲ್ಲಿ ನಮ್ಮ ಓಣಿಯ ಡಾಮಿನೊ ಆಟಗಾರ ತುಲಿಯೊ ಹಣೆಯನ್ನು ಮೇಜಿಗೆ ಒತ್ತಿದ್ದ, ಬಾಟಲಿಗಳು ಅಲುಗುತ್ತಿದ್ದವು. ನಮ್ಮವರೆಲ್ಲ ತಲೆ ತಗ್ಗಿಸಿದ್ದರು. ಸದ್ದು ಮಾತ್ರ ಇಲ್ಲ. ಬಾರಿನ ಕಾಯಂ ಗಿರಾಕಿಗಳು ನಮ್ಮನ್ನು ನೋಡಿ, ಇದೇನೋ ದುಃಖದ ವಿಷಯವಿರಬೇಕೆಂದು ತಮ್ಮ ನಗುವನ್ನೂ ನುಂಗಿಕೊಂಡರು.

ಕಾರ್ಯಕ್ರಮ ನಡೆಸುವ ಬ್ರೆಯ್ನರ್ ನನ್ನ ಹಿಂದಿನ ಗೋಡೆಗೆ ಒರಗಿ ನಿಂತಿದ್ದ. "ಪಾಪ, ಯಾರೂ ನಗ್ತಾ ಇಲ್ಲ. ಇಳಿಸಿಬಿಡ್ತೀನಿ," ಎಂದು ಕೆಂಪು ದೀಪದ ಗುಂಡಿಗೆ ಕೈ ಹಾಕಿದ.

"ನಗ್ತಾ ಇದಾರಲ್ಲಪ್ಪ," ಅಂದೆ.

"ಎಲ್ಲಿ?"

ದೀಪ ಹತ್ತಿತು. ಮಾತು ನಿಲ್ಲಿಸು ಎಂಬ ಗುರುತು ಅದು. ಎದಿಲ್ಸಕ್ಕ ದೀಪ ನೋಡಿದಳು, ನಮ್ಮ ಭುಜಗಳನ್ನು ನೋಡಿದಳು. ಏಳಲಿಲ್ಲ.

"ತುಲಿಯೊ, ತಲೆ ಎತ್ತು. ಕತ್ತಿನ ನರ ಹರ್ಕೊಂಡು ಹೋಗತ್ತೆ."

ತುಲಿಯೊ ತಲೆ ಎತ್ತದೆ, ವೇದಿಕೆಯ ಪಕ್ಕದ ಮುಚ್ಚಿದ ಬಾಗಿಲಿನ ಕಡೆ ಬೆರಳು ತೋರಿಸಿದ. ಮುಚ್ಚಿದ ಬಾಗಿಲೆಂದರೆ ಒಳಗೆ ಹೆಣ ಮಲಗಿಸಿದ್ದಾರೆ, ನಗು ಕೇಳಿಸಬಾರದು ಎಂಬುದು ಅವನ ಮೈಗೆ ಹತ್ತಿದ ಅಭ್ಯಾಸ.

ಅವಳು ನಿಧಾನವಾಗಿ ಆ ಬಾಗಿಲಿನತ್ತ ತಿರುಗಿದಳು. "ಅಲ್ಲಿ ಯಾರನ್ನೂ ಮಲಗಿಸಿಲ್ಲ ಕಣೋ. ಅದು ಕಕ್ಕಸು. ಮಂಡಿ ಊರ್ಬೇಕು ಅನ್ಸಿದ್ರೆ ಹೋಗು, ಬೇಡ ಅನ್ನಲ್ಲ."

ತುಲಿಯೊ ಒಡೆದುಹೋದ. ಸಣ್ಣ ಮೈಯ ಆ ಮನುಷ್ಯನೊಳಗಿಂದ ಹಡಗಿನ ಸೀಟಿಯಂಥ ನಗು ಎದ್ದಿತು. ಅವನ ಹಿಂದೆ ನಾವೆಲ್ಲ ಒಡೆದೆವು. ನೆರೆಮನೆಯವರ ನಗು ಹೇಗಿರುತ್ತದೆ ಎಂದು ಅಂದೇ ತಿಳಿಯಿತು: ಒಬ್ಬಳದು ಬಿಕ್ಕಳಿಕೆ, ಒಬ್ಬನದು ಮೇಕೆಯ ಕೂಗು, ಇನ್ನೊಬ್ಬಳದು ತುಂಬಿದ ಕೊಡ ಬಗ್ಗಿಸಿದ ಸದ್ದು. ಬಾರಿನವರೂ ಸೇರಿಕೊಂಡರು. ಬ್ರೆಯ್ನರ್ ದೀಪ ಆರಿಸಿದ. ಎದಿಲ್ಸಕ್ಕ ಇಷ್ಟು ವರ್ಷ ಕಣ್ಣಿನಿಂದ ಕಂಡದ್ದನ್ನು ಮೊದಲ ಸಲ ಕಿವಿಯಿಂದ ಕೇಳುತ್ತಿದ್ದಳು. ಅದು ತಗ್ಗುವ ತನಕ ಕಾದು, ಮುಂದಿನ ಕಥೆಗೆ ಹೊರಳಿದಳು.

ಇಳಿದು ಬಂದಾಗ ಬ್ರೆಯ್ನರ್ ಅವಳ ಎರಡೂ ಕೈ ಹಿಡಿದುಕೊಂಡ. "ಇನ್ಮೇಲೆ ಪ್ರತಿ ಗುರುವಾರ ನಿಮ್ದೇ ಅಮ್ಮ. ಬರ್ತೀರಲ್ಲ?"

"ಬರ್ತೀನಿ. ನಮ್ಮ ಓಣೀಲಿ ಯಾರಾದ್ರೂ ಹೋದ್ರೆ ಆ ವಾರ ಇಲ್ಲ. ಕರೀಲಿ, ಬಿಡ್ಲಿ, ಮೊದಲು ಅಲ್ಲಿಗೆ."

"ನನ್ನ ಲೆಕ್ಕ ಹಿಡೀಬೇಡಪ್ಪ," ಅಂದ ತುಲಿಯೊ ಬ್ರೆಯ್ನರ್‌ಗೆ, ಕಣ್ಣೊರೆಸಿಕೊಳ್ಳುತ್ತ. "ನಾನು ಸಾಯೋದಾದ್ರೆ ಗುರುವಾರ ಕಳೆದು, ಶುಕ್ರವಾರ ನೋಡ್ಕೊಂಡು ಹೋಗ್ತೀನಿ."