ಅಮ್ಮ ಓದುತ್ತಿದ್ದ ಪ್ರಶ್ನೆಗಳು

ಮೊನ್ನೆ ನ್ಯೂ ಟೌನಿನ ಬ್ಯಾಂಕೊಂದರಲ್ಲಿ ಸರದಿಗಾಗಿ ಕಾಯುತ್ತ ಕುಳಿತಿದ್ದಾಗ ಕೌಂಟರಿನ ಬಜರ್ ಕರ್ಕಶವಾಗಿ ಕೂಗಿತು. ಪಕ್ಕದಲ್ಲಿ ಮಾತಾಡುತ್ತಿದ್ದ ಹೆಂಗಸು ಮಾತನ್ನು ಅರ್ಧಕ್ಕೆ ನಿಲ್ಲಿಸಿದರು. ಆ ಸದ್ದು, ಅದರ ಬೆನ್ನಿಗೇ ಬಂದ ಮೌನ, ಎರಡೂ ಸೇರಿ ನನ್ನನ್ನು ಸದರ್ನ್ ಅವೆನ್ಯೂವಿನ ಹಳೆಯ ಮನೆಯ ಊಟದ ಮೇಜಿಗೆ ಕರೆದೊಯ್ದವು. ಎರಡನೆಯ ಮಹಡಿಯ ಬಾಡಿಗೆ ಮನೆ ಅದು. ಕಿಟಕಿಯಿಂದ ಹತ್ತಿರದ ಸರೋವರದ ಕಡೆಯ ಮರಗಳ ತುದಿ ಕಾಣುತ್ತಿತ್ತು. ಸಂಜೆಯಾದರೆ ಕೆಳಗಿನ ಮನೆಯ ಸಾಸಿವೆ ಎಣ್ಣೆಯ ಘಾಟು ಮೇಲೇರಿ ಬಂದು ನಮ್ಮ ಅಡುಗೆಮನೆಯ ತೆಂಗಿನೆಣ್ಣೆಯ ವಾಸನೆಯೊಂದಿಗೆ ಬೆರೆಯುತ್ತಿತ್ತು. ಅಪ್ಪ ಬ್ಯಾಂಕಿನವರು, ಉಡುಪಿಯಿಂದ ಈ ಬಂಗಾಳಿ ಊರಿಗೆ ವರ್ಗವಾಗಿ ಬಂದವರು. ಅಮ್ಮ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದಳು. ಈ ಊರಿನಲ್ಲಿ ಅದರ ಬಗ್ಗೆ ಅವಳನ್ನು ಯಾರೂ ಕೇಳಿರಲಿಲ್ಲ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಶಾಲೆಯ ವಿಜ್ಞಾನ ಸ್ಪರ್ಧೆಯ ತಂಡದಲ್ಲಿ ಒಂದು ಜಾಗ ಖಾಲಿಯಾಯಿತು. ನಾಯಕ ಶುಭಾಯು ನನ್ನನ್ನು ಸೇರಿಸಿಕೊಂಡ. ನನಗಿಂತ ಎರಡು ತರಗತಿ ಮುಂದಿದ್ದ ಗಂಭೀರ ಹುಡುಗ. ತಂಡಕ್ಕೆ ಸಂಜೆಯ ಅಭ್ಯಾಸಕ್ಕೆ ಹತ್ತಿರದಲ್ಲಿ ಒಂದು ಮನೆಯೂ ಬೇಕಾಗಿತ್ತು. "ಸೆಲೆಕ್ಟ್ ಆದದ್ದು ನಿಮ್ಮ ಡೈನಿಂಗ್ ಟೇಬಲ್, ನೀನು ಅದರ ಜೊತೆ ಫ್ರೀ," ಎಂದು ತಂಡದ ಇನ್ನೊಬ್ಬಳು, ಮೌ, ಹಿಂದಿಯಲ್ಲಿ ಚುಡಾಯಿಸಿದಳು. ಶುಭಾಯು ಕರೆಗಂಟೆಯ ಗುಂಡಿಗಳನ್ನು ಹಲಗೆಯೊಂದಕ್ಕೆ ಬಿಗಿದು ತಂದ. ಪ್ರಶ್ನೆಗಳ ಕಾರ್ಡುಗಳನ್ನು ಅಮ್ಮ ತಾನಾಗಿಯೇ ಕೈಗೆತ್ತಿಕೊಂಡಳು. ಕನ್ನಡಕ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ಒಂದೊಂದೇ ಪದ ಬಿಡಿಸಿ ಇಂಗ್ಲಿಷಿನಲ್ಲಿ ಓದುತ್ತಿದ್ದಳು. ಅಷ್ಟು ನೆಟ್ಟಗೆ ಕುಳಿತ ಅಮ್ಮನನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ನಡುನಡುವೆ ಅವಳು ಕರಿದು ತರುತ್ತಿದ್ದ ಗೋಳಿಬಜೆಗೆ ಮೌ ತಮ್ಮ ಕಡೆಯ ಬೋಂಡಾವನ್ನು ನೆನೆದು 'ದಕ್ಷಿಣದ ಫುಲುರಿ' ಎಂದು ಹೆಸರಿಟ್ಟಿದ್ದಳು. "ಕಾಕಿಮಾ, ಇನ್ನೊಂದು ಕೊಡಿ," ಎನ್ನುತ್ತ, ಬಂಗಾಳಿಯ ರೂಢಿಯಂತೆ ಚಿಕ್ಕಮ್ಮನೆಂದು ಕರೆದು, ಕೈ ಚಾಚಿದರೆ ಅಮ್ಮ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು, "ಮೊದಲು ಉತ್ತರ, ಮತ್ತೆ ಬಜೆ," ಎನ್ನುತ್ತಿದ್ದಳು.

ಆ ಸ್ಪರ್ಧೆಯ ನಿಯಮವನ್ನು ಹೇಳಬೇಕು. ಪ್ರಶ್ನೆ ಪೂರ್ತಿಯಾಗುವವರೆಗೆ ಕಾಯಬೇಕಾಗಿರಲಿಲ್ಲ. ಉತ್ತರ ಹೊಳೆದ ಕೂಡಲೇ ಗುಂಡಿ ಒತ್ತಬಹುದು, ಓದುವವರು ಅಲ್ಲಿಗೇ ನಿಲ್ಲಿಸಬೇಕು. 'ನೀರಿಗೆ ಬಿದ್ದರೆ ಹೊತ್ತಿಕೊಳ್ಳುವ, ಚಾಕುವಿನಿಂದ ಕತ್ತರಿಸಬಹುದಾದ' ಎನ್ನುವಷ್ಟರಲ್ಲಿ ನಾವು ಸೋಡಿಯಂ ಎಂದು ಹೇಳಿಬಿಡುತ್ತಿದ್ದೆವು. ತಿಂಗಳು ಕಳೆದಂತೆ ನಾವು ಎಷ್ಟು ಚುರುಕಾದೆವೆಂದರೆ ಅಮ್ಮ ಯಾವ ಪ್ರಶ್ನೆಯಲ್ಲೂ ಅರ್ಧ ದಾಟುತ್ತಿರಲಿಲ್ಲ. ಆ ಚಳಿಗಾಲದಲ್ಲಿ ಅಮ್ಮನಿಂದ ಪದಗಳು ಒಂದೊಂದಾಗಿ ಜಾರಿಹೋಗುತ್ತಿದ್ದವು. ಸೌಟಿಗೆ 'ಅದು' ಎನ್ನತೊಡಗಿದ್ದಳು, ಪರದೆಗೆ 'ಅದು', ಒಮ್ಮೆ ಅಪ್ಪನ ಚೀಲಕ್ಕೂ 'ಅದು'. "ಕನ್ನಡ, ಹಿಂದಿ, ಬಂಗಾಳಿ ಎಲ್ಲ ಕಲಸಿ ತರಕಾರಿ ಅವಿಲು ಆಗಿದೆ ನಿನ್ನ ತಲೆ," ಎಂದು ಅಪ್ಪ ನಗುತ್ತಿದ್ದರು. ನಮ್ಮ ಮನೆಯಲ್ಲಿ ಎಲ್ಲರೂ ಪದ ಸಿಗದೆ ಬೇರೆ ಭಾಷೆಗೆ ಹಾರುತ್ತಿದ್ದವರೇ. ಅವಳೊಬ್ಬಳಿಗೆ ಬೇರೇನೋ ಆಗುತ್ತಿದೆ ಎಂದು ಅನುಮಾನಿಸಲು ಕಾರಣವೇ ಇರಲಿಲ್ಲ.

ಚಳಿ ಕಳೆದ ಮೇಲೆ ಒಂದು ಸಂಜೆ ಯಾವುದೋ ಖನಿಜದ ಬಗ್ಗೆ ಪ್ರಶ್ನೆ ಬಂತು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆರಳುಗಳನ್ನು ಗುಂಡಿಯ ಮೇಲಿಟ್ಟು ಮುಂದಿನ ಪದಕ್ಕಾಗಿ ಕಾದೆವು. ಅಮ್ಮ ಮುಂದೆ ಓದಲಿಲ್ಲ. ಫ್ಯಾನು ತಿರುಗುತ್ತಿತ್ತು. ಅವಳ ಬೆರಳು ಕಾರ್ಡಿನ ಮೇಲೆ ಒಂದು ಪದದ ಕೆಳಗೆ ನಿಂತಿತ್ತು, ತುಟಿ ಸ್ವಲ್ಪ ತೆರೆದಿತ್ತು. "ಆಮೇಲೆ, ಕಾಕಿಮಾ?" ಎಂದಳು ಮೌ. ಅಮ್ಮ ನನ್ನ ಕಡೆ ತಿರುಗಿ ಕನ್ನಡದಲ್ಲಿ, ಬಹಳ ಮೆಲ್ಲಗೆ, "ಒತ್ತು ಮಾರಾಯ್ತಿ. ಒಬ್ಬರಾದರೂ ಒತ್ತಿ," ಎಂದಳು. ನನಗೆ ಕೈ ಬರಲಿಲ್ಲ. ಖಚಿತವಾಗಿ ಗೊತ್ತಿಲ್ಲದೆ ಎಂದೂ ಗುಂಡಿ ಮುಟ್ಟದ ಶುಭಾಯು ಆಗ ಒತ್ತಿದ. ಬಜರ್ ಕೂಗಿತು. "ಉತ್ತರ ಗೊತ್ತಿಲ್ಲ, ಕಾಕಿಮಾ," ಎಂದ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಅಮ್ಮ ಕಾರ್ಡನ್ನು ಮಗುಚಿಟ್ಟು, ದೊಡ್ಡ ಕೆಲಸವೊಂದು ಮುಗಿದವಳಂತೆ ಉಸಿರು ಬಿಟ್ಟಳು. ಎಲ್ಲರೂ ಹೋದ ಮೇಲೆ ನಾನು ಅಪ್ಪನಿಗೆ ಹೇಳಿದೆ.

ಅಲಿಪುರದ ಆಸ್ಪತ್ರೆಯಲ್ಲಿ ಮೆದುಳಿನ ಎಡಭಾಗದಲ್ಲಿ ಗೆಡ್ಡೆ ಎಂದರು. ಶಸ್ತ್ರಚಿಕಿತ್ಸೆಯಾದ ಮೇಲೆ ಅಮ್ಮನಿಗೆ ಮಾತು ಮರಳಲಿಲ್ಲ. ನಮ್ಮನ್ನು ಗುರುತಿಸುತ್ತಿದ್ದಳು, ಕೈ ಹಿಡಿದರೆ ಒತ್ತುತ್ತಿದ್ದಳು, ಅಷ್ಟೇ. ಸ್ಪರ್ಧೆಯ ದಿನ ಬಂದಾಗ ನಾನು ಹೋಗುವುದಿಲ್ಲವೆಂದೆ. "ಹೋಗು ಮಗಾ, ಅವಳಿಗೆ ಬಾಯಿ ಇದ್ದಿದ್ದರೆ ಅದನ್ನೇ ಹೇಳ್ತಿದ್ದಳು," ಎಂದರು ಅಪ್ಪ.

ಸ್ಪರ್ಧೆ ನಡೆಸಿದ್ದು ಆಗಷ್ಟೇ ಸಾಲ್ಟ್ ಲೇಕಿನಲ್ಲಿ ಕಚೇರಿ ತೆರೆದಿದ್ದ ಸಾಫ್ಟ್‌ವೇರ್ ಕಂಪನಿ. ಗಾಜಿನ ಕಟ್ಟಡ, ತಣ್ಣನೆಯ ಸಭಾಂಗಣ, ಹೊಸ ಕಾರ್ಪೆಟ್ಟಿನ ವಾಸನೆ. ಕೊನೆಯ ಸುತ್ತಿನಲ್ಲಿ ಒಂದು ಪ್ರಶ್ನೆಯ ಉತ್ತರ ನನಗೆ ನಾಲ್ಕೈದು ಪದಗಳಲ್ಲೇ ಹೊಳೆಯಿತು. ಬೆರಳು ಗುಂಡಿಯ ಮೇಲಿತ್ತು. ಒತ್ತಲಾಗಲಿಲ್ಲ. ಓದುತ್ತಿದ್ದವರು ಮುಂದುವರಿದರು, ಕೊನೆಯ ಪದದಲ್ಲಿ ಅವರ ದನಿ ಸ್ವಲ್ಪ ಏರಿ, ನಿಧಾನವಾಗಿ ಇಳಿದು ನಿಂತಿತು. ಎದುರು ತಂಡ ಉತ್ತರಿಸಿತು. ಮೌ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟನ್ನು ನನಗೆ ಬಿಟ್ಟಳು.

ಮಳೆಗಾಲಕ್ಕೆ ಮೊದಲೇ ಅಮ್ಮ ಹೋದಳು. ಮರುವರ್ಷ ಅಪ್ಪನಿಗೆ ವರ್ಗವಾಯಿತು, ಮನೆ ಖಾಲಿ ಮಾಡಿದೆವು. ಓದಿಗೆಂದು ಹಾಸ್ಟೆಲಿನಲ್ಲಿ ಉಳಿದ ನಾನು ಈ ಊರನ್ನು ಮತ್ತೆ ಬಿಡಲೇ ಇಲ್ಲ. ಅಮ್ಮ ಓದಲು ತೊಡಗುವ ರೀತಿ ಇವತ್ತಿಗೂ ನನ್ನ ಕಿವಿಯಲ್ಲಿದೆ: ಮೊದಲ ಪದಕ್ಕೆ ಮುಂಚಿನ ಸಣ್ಣ ಕೆಮ್ಮು, ಕರಾವಳಿಯ ಆ ಉದ್ದನೆಯ ಸ್ವರ, ಪದಪದಕ್ಕೂ ಕೊಡುತ್ತಿದ್ದ ಬಿಡುವು. ಆದರೆ ಅವಳ ದನಿಯಲ್ಲಿ ಒಂದು ಪ್ರಶ್ನೆ ಹೇಗೆ ಮುಗಿಯುತ್ತಿತ್ತು ಎಂಬುದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.