ಮ್ವಾನಹಾವಾಳ ಕೆಂಪು

ಮ್ವಾನಹಾವಾಳ ಕೈ ನೋಡಿದರೆ ಕಸುಬು ಗೊತ್ತಾಗುತ್ತಿತ್ತು. ಪಾತ್ರೆ ತೊಳೆಯುವ ಸೋಡಾ ನೀರು ತಿಂದು ಬೆರಳ ತುದಿ ಸುಲಿದಿತ್ತು. ಟಾಂಗಾ ಎಂಬ ಪಟ್ಟಣದಾಚೆಯ ಡೈರಿಯಲ್ಲಿ ಹಾಲಿನ ಟ್ಯಾಂಕಿನೊಳಗೆ ಇಳಿದು ಉಜ್ಜುವವಳು ಅವಳು. ಬೆಳಿಗ್ಗೆ ಲಾರಿ ಹಳೆಯ ಹಾಲು ಹೀರಿಕೊಂಡು ಹೋದ ಮೇಲೆ, ಹೊಸ ಹಾಲು ಬೀಳುವ ಮುಂಚೆ ಟ್ಯಾಂಕು ತೊಳೆದಿರಬೇಕು. ಹಿಂದೊಮ್ಮೆ ಕೂಲಿಗಾಗಿ ಗೇಟಿನ ಮುಂದೆ ಕೂತು ಲಾಠಿ ತಿಂದಿದ್ದಳು. ಕೆಲಸದಲ್ಲಿ ಮಾತ್ರ ಯಾರಿಂದಲೂ ಮಾತು ಕೇಳಿದವಳಲ್ಲ.

ಈಗ ಕೆಲಸ ಹೇಳುವುದು ಫೋನು. ಮೇಸ್ತ್ರಿ ಕಿಬ್ವಾನಾ ಎಲ್ಲರ ಕೆಲಸವನ್ನೂ ಒಂದು ಸಲ ಕಂಪ್ಯೂಟರಿಗೆ ತುಂಬಿಟ್ಟ. ಅಲ್ಲಿಂದ ಅದೇ ಕೆಲಸ ದಿನಾ ತಾನಾಗಿ ಹುಟ್ಟಿ ಅವರವರ ಫೋನಿಗೆ ಬೀಳುತ್ತಿತ್ತು. ಉಳಿದವರದ್ದು ದಿನದೊಳಗೆ ಮುಗಿದರಾಯಿತು. ಟ್ಯಾಂಕಿಗೆ ಮಾತ್ರ ಇಷ್ಟು ಗಂಟೆಯೊಳಗೆ ಎಂದು ಹೊತ್ತು ಗೊತ್ತುಮಾಡಿದ್ದ. ಹೊತ್ತಿಗೆ ಮುಗಿದರೆ ಹಸಿರು, ತಡವಾದರೆ ಕೆಂಪು. ಅವಳದ್ದು ಮೊದಲ ದಿನದಿಂದಲೂ ಕೆಂಪೇ. ಈಗ ಹೆಡ್ಡಾಫೀಸಿನಿಂದ ಮಾತು ಬಂದಿತ್ತು: ಸೋಮಾರಿ ಹೆಂಗಸು, ಈ ತಿಂಗಳಿಗೆ ಅವಳ ಕೆಲಸ ಸಾಕು.

"ಯಂತ್ರಕ್ಕೇನು ನಿನ್ ಮೇಲೆ ಹಗೆನಾ ಅಕ್ಕಾ? ಬೇಗ ಬರ್ಬಾರ್ದಾ?" ಎಂದ ಕಿಬ್ವಾನಾ.

"ಲಾರಿ ಬರೋಕ್ ಮುಂಚೆ ಬಂದು ಹಾಲಲ್ಲಿ ಈಜಾಡ್ಲೇನೋ? ಆ ಕಂಪ್ಯೂಟರ್ ತೆಗಿ, ನಂಗೂ ತೋರ್ಸು."

ತೆಗೆದ. ಟ್ಯಾಂಕು ತೊಳೆಯುವುದು, ದಿನಾ, ಮುಗಿಯಬೇಕಾದ್ದು ಎರಡು ಗಂಟೆಗೆ. ಪಕ್ಕದಲ್ಲಿ ಚಿಕ್ಕ ಚಂದ್ರನ ಗುರುತು. ಕಿಬ್ವಾನಾನ ಮುಖ ಇಳಿದುಹೋಯಿತು.

ಟಾಂಗಾದಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದಲ್ಲಿಂದ. ಬೆಳಗಿನ ಎಂಟಕ್ಕೆ ಅಲ್ಲಿಯವರು ಎರಡು ಅನ್ನುತ್ತಾರೆ. ಬಾಯಲ್ಲಿದ್ದ ಎರಡನ್ನೇ ಇವನು ಒತ್ತಿದ್ದ. ಯಂತ್ರ ಅದನ್ನು ರಾತ್ರಿಯ ಎರಡು ಎಂದುಕೊಂಡಿತ್ತು.

ಸೈಕಲ್ಲಿನಲ್ಲಿ ಹಾಲು ತರುವ ಸೆಫು ಹಿಂದಿನಿಂದ ಇಣುಕಿ ನಕ್ಕ. "ಅಯ್ಯೋ, ನಡುರಾತ್ರಿ ಕರೀತಿದ್ದಾನಲ್ಲಕ್ಕಾ ನಿನ್ನ! ಮನೇಲಿ ಗೊತ್ತಾ?"

"ನಿನ್ನ ನೀರುಹಾಲು ನೋಡ್ಕೋ ಹೋಗೋ."

ಕಿಬ್ವಾನಾ ಎರಡು ಅಳಿಸಿ ಎಂಟು ಮಾಡಿದ. "ಇದು ನಾಳೆಯಿಂದ ಹುಟ್ಟೋ ಕೆಲಸಕ್ಕೆ ಮಾತ್ರ ಅನ್ನತ್ತೆ ಯಂತ್ರ, ಅಕ್ಕಾ. ಹಿಂದಿನ ಕೆಂಪು ಹೋಗಲ್ಲ."

"ಹಂಗಾದ್ರೆ ಹೆಡ್ಡಾಫೀಸಿಗೆ ಫೋನ್ ಮಾಡು. ತಪ್ಪು ನಂದು ಅನ್ನು."

"ನನ್ನನ್ನೇ ಕಿತ್ತಾಕ್ತಾರೆ."

"ನನ್ನ ಕಿತ್ತಾಕಿದ್ರೆ ಪರವಾಗಿಲ್ವಾ?"

ಅವಳು ಟ್ಯಾಂಕು ತೊಳೆಯದೆ, ಬಕೆಟ್ಟು ಬೋರಲು ಹಾಕಿ ಅದಕ್ಕೆ ಅಡ್ಡ ಕುಳಿತಳು. ಹೊರಗೆ ಹಾಲಿನ ಕ್ಯಾನುಗಳ ಸಾಲು ಬಿಸಿಲಿನಲ್ಲಿ ಬೆಳೆಯುತ್ತಿತ್ತು. ಸೆಫುವಿನ ನಗು ನಿಂತಿತು.

"ಅಕ್ಕಾ, ಹಾಲು ಒಡೆಯತ್ತೆ. ನಮ್ ಹೊಟ್ಟೆ ಮೇಲೆ ಹೊಡೀಬೇಡ."

ಅವಳ ತಂಗಿಯ ಕ್ಯಾನೂ ಆ ಸಾಲಿನಲ್ಲಿತ್ತು. ಮಾತು ಚುಚ್ಚಿತು. ಏಳಲಿಲ್ಲ.

"ಇಲ್ಲಿವರ್ಗೂ ಬಿದ್ದ ಕೆಂಪೆಲ್ಲ ನೀನು ಬಳಿದಿದ್ದು ತಮ್ಮಾ," ಎಂದಳು ಮೇಸ್ತ್ರಿಗೆ. "ಇವತ್ತಿಂದು ನಂದು. ಇದನ್ನ ಬೇಕಾದ್ರೆ ನನ್ ತಲೆಗೆ ಕಟ್ಟು."

ಕಿಬ್ವಾನಾ ಫೋನು ತೆಗೆದ. ನಂಬರು ಹುಡುಕಿದ. ಬೆರಳು ಒತ್ತದೆ ಮೇಲೇ ನಿಂತಿತು. ಸೆಫು ತನ್ನ ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿದ.

"ಒತ್ತೋ," ಎಂದ. ಈ ಸಲ ಕಿಬ್ವಾನಾನಿಗೆ.